ಸೆರೆಮನೆಯಿಂದ ಬಂದವನಿಗೆ ಮನೆಯೆಲ್ಲಿ?

ಕಾರಾಗೃಹಕ್ಕೆ ಕನ್ನಡದಲ್ಲಿರುವ ಹೆಸರುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಸೆರೆಮನೆಯಲ್ಲಿ ಮನೆಯಿದೆ, ಕಾರಾಗೃಹದಲ್ಲಿ ಗೃಹವಿದೆ, ಬಂದೀಖಾನೆಯ ಖಾನೆಯೂ ಪಾರಸಿಯ ಮನೆಯೇ. ಪೊಲೀಸರ ಮತ್ತು ಪತ್ರಿಕೆಗಳ ನಗೆಮಾತಿನಲ್ಲಿ ಅದು ಶ್ರೀಕೃಷ್ಣನ ಜನ್ಮಸ್ಥಾನ. ತಮಿಳಿನ ಬೀದಿಮಾತಿನಲ್ಲಿ ಅದನ್ನೇ ‘ಮಾಮಿಯಾರ್ ವೀಡು’, ಅಂದರೆ ಅತ್ತೆಯ ಮನೆ ಎನ್ನುತ್ತಾರೆ. ಬೆಳಗಾವಿ, ವಿಜಯಪುರಗಳ ಕಡೆ ಬಳಕೆಯಲ್ಲಿರುವ ತುರಂಗ ಎಂಬ ಮಾತು ಮಾತ್ರ ಪೋರ್ಚುಗೀಸಿನಿಂದ ಮರಾಠಿಗೂ ಅಲ್ಲಿಂದ ಕನ್ನಡಕ್ಕೂ ಬಂದದ್ದು. ಅದರಲ್ಲಿ ಮನೆಯ ಸುಳಿವಿಲ್ಲ. ಇಷ್ಟೊಂದು ಭಾಷೆಗಳು ಸೇರಿ ಮನೆಯೆಂದು ಕರೆದ ಆ ಕಟ್ಟಡದಿಂದ ಒಬ್ಬ ಮನುಷ್ಯ ಹೊರಗೆ ಬಂದಾಗ, ಅವನಿಗೆ ಇನ್ನೊಂದು ಮನೆ ಸಿಗುವುದು ಏಕೆ ಅಷ್ಟು ದುಸ್ತರವಾಗುತ್ತದೆ ಎಂಬುದು ಇಲ್ಲಿಯ ಪ್ರಶ್ನೆ.

ಪ್ರಶ್ನೆಯನ್ನು ತಾಳವಾಡಿಯಲ್ಲಿ ನಿಂತು ಕೇಳುವುದಕ್ಕೆ ಕಾರಣವುಂಟು. ಸತ್ಯಮಂಗಲದಿಂದ ಬಣ್ಣಾರಿ ದಾಟಿ, ದಿಂಬಂ ಘಟ್ಟದ 27 ತಿರುವುಗಳನ್ನು ಏರಿ, ಹಾಸನೂರಿನ ಕಾಡು ಕಳೆದ ಮೇಲೆ ಸಿಗುವ ಈ ಬಯಲು ಆಡಳಿತದಲ್ಲಿ ಈರೋಡು ಜಿಲ್ಲೆಗೆ ಸೇರಿದೆ, ಮಾತಿನಲ್ಲಿ ಚಾಮರಾಜನಗರಕ್ಕೆ. 1956ರ ನವೆಂಬರ್ 1ರಂದು ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಬಂದಿತು. ತಾಳವಾಡಿ ಅಲ್ಲಿಯೇ ಉಳಿಯಿತು. ಅರಿಸಿನ, ಬಾಳೆ, ಎಲೆಕೋಸು ಬೆಳೆಯುವ ಹೊಲಗಳು, ದೀಪಾವಳಿಯ ಮರುದಿನಗಳಲ್ಲಿ ಗುಮಟಾಪುರದಲ್ಲಿ ನಡೆಯುವ ಗೊರೆಹಬ್ಬ, ಕಾಡಂಚಿನ ಸೋಲಿಗರ ಮತ್ತು ಊರಾಳಿಗಳ ಹಾಡಿಗಳು: ಈ ನೆಲವನ್ನು ಬಲ್ಲವರಿಗೆ ತಾಳವಾಡಿ ಎಂದರೆ ಇವು. ಹೊರಗಿನವರಿಗೆ ಮಾತ್ರ ಅದರ ನೆನಪು ಒಂದೇ ರಾತ್ರಿಯದು. 2000ದ ಜುಲೈ 30ರ ರಾತ್ರಿ ವೀರಪ್ಪನ್ ದೊಡ್ಡಗಾಜನೂರಿನ ಮನೆಯಿಂದ ಡಾ. ರಾಜಕುಮಾರ್ ಅವರನ್ನು ಒತ್ತೆಯಾಗಿ ಕಾಡಿಗೆ ಕರೆದೊಯ್ದನು. 108 ದಿನಗಳ ಬಳಿಕ ಅವರು ಮರಳಿದರು.

ಆ ಒತ್ತೆಯ ಹಿಂದೆ ಇದ್ದ ಬೇಡಿಕೆಗಳಲ್ಲಿ ಒಂದು ಮಾತ್ರ ಈ ಲೇಖನಕ್ಕೆ ಮುಖ್ಯ. ಮೈಸೂರಿನ ಸೆರೆಮನೆಯಲ್ಲಿ ಟಾಡಾ ಕಾಯಿದೆಯಡಿ ಇದ್ದ 51 ಮಂದಿಯನ್ನು ಬಿಡಬೇಕೆಂಬುದು ಅದು. ಅವರಲ್ಲಿ ಬಹುಮಂದಿ ಗಡಿಯ ಎರಡೂ ಬದಿಯ ಹಳ್ಳಿಗಳ ಕೂಲಿಕಾರರು, ಸಣ್ಣ ರೈತರು. ಅಕ್ಕಿಯನ್ನೋ ಬ್ಯಾಟರಿಯನ್ನೋ ಕಾಡಿಗೆ ಒದಗಿಸಿದರೆಂಬ, ದಾರಿ ತೋರಿಸಿದರೆಂಬ ಆರೋಪ ಹಲವರ ಮೇಲೆ ಇತ್ತು. ಸರ್ಕಾರ ಅವರ ಮೇಲಿನ ಮೊಕದ್ದಮೆ ಹಿಂತೆಗೆಯಲು ಮುಂದಾದಾಗ, ವೀರಪ್ಪನ್ ತಂಡದ ಕೈಯಲ್ಲಿ ಹತನಾದ ಪೊಲೀಸ್ ಅಧಿಕಾರಿಯೊಬ್ಬರ ವೃದ್ಧ ತಂದೆ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2000ದ ನವೆಂಬರಿನಲ್ಲಿ ನ್ಯಾಯಾಲಯವು ಆ ತಂದೆಯ ಪರವಾಗಿ ನಿಂತು ಬಿಡುಗಡೆಯನ್ನು ತಡೆಯಿತು. ನ್ಯಾಯದ ದೃಷ್ಟಿಯಿಂದ ಅದು ಸರಿಯಾದ ನಿರ್ಧಾರವೇ. ಬಂದೂಕು ತೋರಿಸಿದವನ ಮಾತಿಗೆ ಸೆರೆಮನೆಯ ಬಾಗಿಲು ತೆರೆಯಬಾರದು. ಆದರೆ ಅದೇ ತೀರ್ಪಿನ ಬೆಳಕಿನಲ್ಲಿ ಇನ್ನೊಂದು ಸತ್ಯವೂ ದೇಶಕ್ಕೆ ಕಂಡಿತು: ಎಷ್ಟೋ ಜನ ವಿಚಾರಣೆಯೇ ಮುಗಿಯದೆ ಏಳೆಂಟು ವರ್ಷಗಳಿಂದ ಒಳಗಿದ್ದರು. ಟಾಡಾ ಕಾಯಿದೆ 1995ರಲ್ಲಿಯೇ ಅವಧಿ ಮುಗಿದು ಬಿದ್ದುಹೋಗಿತ್ತು. ಅದರ ಕೈದಿಗಳು ಮಾತ್ರ ಉಳಿದಿದ್ದರು.

2001ರ ಸೆಪ್ಟೆಂಬರಿನಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ತೀರ್ಪು ಕೊಟ್ಟಾಗ ನೂರಕ್ಕೂ ಹೆಚ್ಚು ಮಂದಿ ನಿರ್ದೋಷಿಗಳೆಂದು ಬಿಡುಗಡೆಯಾದರು. ಕೆಲವರಿಗೆ ಶಿಕ್ಷೆಯಾಯಿತು. ಅವರಲ್ಲಿ ನಾಲ್ವರ ಜೀವಾವಧಿಯನ್ನು 2004ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಮರಣದಂಡನೆಗೆ ಏರಿಸಿತು. ಕ್ಷಮಾದಾನದ ಅರ್ಜಿಗಳು ವರ್ಷಗಟ್ಟಲೆ ಕೊಳೆತವೆಂಬ ಕಾರಣಕ್ಕೆ 2014ರ ಜನವರಿ 21ರಂದು ಅದೇ ನ್ಯಾಯಾಲಯ ಅದನ್ನು ಮತ್ತೆ ಜೀವಾವಧಿಗೆ ಇಳಿಸಿತು. ಕಾರ್ಯಾಚರಣೆಯ ಹೆಸರಿನಲ್ಲಿ ಹಳ್ಳಿಗರ ಮೇಲೆ ನಡೆದ ಹಿಂಸೆಯನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಸದಾಶಿವ ಅವರ ನೇತೃತ್ವದ ಸಮಿತಿಯನ್ನು ನೇಮಿಸಿತ್ತು. 2007ರಲ್ಲಿ ಆಯೋಗವು 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿಗಳ ಮಧ್ಯಂತರ ಪರಿಹಾರವನ್ನು ಶಿಫಾರಸು ಮಾಡಿತು. ಇದೇ ಬೆಟ್ಟಸಾಲಿನ ಸೋಲಿಗರ ಬದುಕು ಈ ಎರಡು ಬಂದೂಕುಗಳ ನಡುವೆ ಸಿಕ್ಕಿ ನುಚ್ಚುನೂರಾದ ಬಗೆಯನ್ನು ವಕೀಲ ಬಾಲಮುರುಗನ್ 2004ರಲ್ಲಿ ‘ಸೋಳಗರ್ ತೊಟ್ಟಿ’ ಎಂಬ ತಮಿಳು ಕಾದಂಬರಿಯಲ್ಲಿ ಬರೆದರು. ಕನ್ನಡ ಮಾತಾಡುವ ಸೀಮೆಯ ಕಥೆಯನ್ನು ಮೊದಲು ಹೇಳಿದ್ದು ತಮಿಳು ಎಂಬುದನ್ನು ಕನ್ನಡ ವಿಭಾಗಗಳು ಸ್ವಲ್ಪ ಸಂಕೋಚದಿಂದಲೇ ನೆನೆಯಬೇಕು.

ಈ ಇತಿಹಾಸವನ್ನು ಇಷ್ಟು ವಿಸ್ತರಿಸಿ ಹೇಳಿದ್ದಕ್ಕೆ ಕಾರಣ, ತಾಳವಾಡಿ ಸೀಮೆಯಲ್ಲಿ ‘ಒಳಗೆ ಹೋಗಿ ಬಂದವನು’ ಎಂಬ ಮಾತಿಗೆ ಬೇರೆಡೆ ಇಲ್ಲದ ಒಂದು ಭಾರ ಇರುವುದು. ಆ ಮಾತು ನಿರ್ದೋಷಿಯೆಂದು ಬಿಡುಗಡೆಯಾದವನನ್ನೂ ಶಿಕ್ಷೆ ಮುಗಿಸಿ ಬಂದವನನ್ನೂ ಜಾಮೀನಿನ ಮೇಲೆ ಬಂದವನನ್ನೂ ಒಂದೇ ಕಂಬಳಿಯಲ್ಲಿ ಸುತ್ತುತ್ತದೆ. ನ್ಯಾಯಾಲಯಗಳು ವರ್ಷಗಟ್ಟಲೆ ಕುಳಿತು ಬಿಡಿಸಿದ ವ್ಯತ್ಯಾಸವನ್ನು ಊರಿನ ಒಂದು ಪದ ಒಂದೇ ಗಳಿಗೆಯಲ್ಲಿ ಅಳಿಸಿಹಾಕುತ್ತದೆ. ಇಡೀ ಭಾರತದ ಸೆರೆಮನೆಗಳಲ್ಲಿರುವವರಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಜನ ವಿಚಾರಣಾಧೀನರು, ಅಪರಾಧ ಇನ್ನೂ ಸಾಬೀತಾಗದವರು ಎಂಬುದನ್ನು ನೆನೆದರೆ ಆ ಪದದ ಅನ್ಯಾಯದ ಅಳತೆ ಸಿಗುತ್ತದೆ.

ಮನೆ ನಿರಾಕರಣೆ ನಡೆಯುವ ರೀತಿಯೂ ಗಮನಿಸತಕ್ಕದ್ದು. ಮಹಾನಗರದಲ್ಲಿ ದಲ್ಲಾಳಿಯಿದ್ದಾನೆ, ಕರಾರುಪತ್ರವಿದೆ, ಪೊಲೀಸ್ ಠಾಣೆಗೆ ಬಾಡಿಗೆದಾರನ ವಿವರ ಸಲ್ಲಿಸುವ ನಮೂನೆಯಿದೆ. ಅಲ್ಲಿ ‘ಇಲ್ಲ’ ಎಂಬುದು ಕಾಗದದ ಮೂಲಕ ಬರುತ್ತದೆ. ತಾಳವಾಡಿಯಂತಹ ಸಣ್ಣ ಪೇಟೆಯಲ್ಲಿ ಬಾಡಿಗೆಯ ಮನೆಗಳು ಬೆರಳೆಣಿಕೆಯವು, ಅವು ಬಾಯಿಂದ ಬಾಯಿಗೆ ಹೋಗಿ ತುಂಬುತ್ತವೆ. ‘ಯಾರ ಪೈಕಿ?’ ಎಂಬ ಪ್ರಶ್ನೆಗೆ ಉತ್ತರ ಬರುವ ಮೊದಲೇ ಮನೆಯ ಯಜಮಾನನಿಗೆ ಎಲ್ಲವೂ ಗೊತ್ತಿರುತ್ತದೆ. ಅವನು ಒರಟಾಗಿ ಆಡುವುದಿಲ್ಲ. “ಕೊಡಬಾರ್ದು ಅಂತಲ್ಲ ಕಣಪ್ಪ, ಮಗಳು ಬತ್ತಾವಳೆ” ಎನ್ನುತ್ತಾನೆ. ಬರುವ ಮಗಳು ಆರು ತಿಂಗಳಾದರೂ ಬರುವುದಿಲ್ಲ. ಮನೆಗೆ ಬೀಗ ಬಿದ್ದೇ ಇರುತ್ತದೆ, ಇಲ್ಲವೆ ಇನ್ನೊಬ್ಬ ಬಂದು ಸೇರಿರುತ್ತಾನೆ. ಕೇಳಿದವನಿಗೂ ಹೇಳಿದವನಿಗೂ ಅದು ನೆಪವೆಂದು ತಿಳಿದಿದೆ. ದಾಕ್ಷಿಣ್ಯವುಳ್ಳ ಸಮಾಜದಲ್ಲಿ ಕ್ರೌರ್ಯವೂ ದಾಕ್ಷಿಣ್ಯದ ಉಡುಗೆ ತೊಟ್ಟೇ ಬರುತ್ತದೆ.

ಹಳ್ಳಿಯಲ್ಲಿ ಸ್ವಂತ ಮನೆಯಿದ್ದವನ ಪಾಡಾದರೂ ಮೇಲೆಂದು ತಿಳಿಯಬೇಕಾಗಿಲ್ಲ. ಎಂಟು ವರ್ಷ ಹೆಂಚು ತಿರುವದ ಮನೆ ನಿಲ್ಲುವುದಿಲ್ಲ. ಹುಲ್ಲಿನ ಗುಡಿಸಲಾದರೆ ಎರಡು ಮಳೆಗಾಲವೇ ಸಾಕು. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ತವರಿಗೋ, ತಿರುಪ್ಪೂರಿನ ಬನಿಯನ್ ಕಾರ್ಖಾನೆಗೋ ಹೋಗಿರುತ್ತಾಳೆ. ದಾಯಾದಿಗಳ ಹೊಲ ಅಷ್ಟರಲ್ಲಿ ಒಂದು ಸಾಲು ಈಚೆಗೆ ಸರಿದಿರುತ್ತದೆ. ಕಾಡಂಚಿನವರಿಗೆ ಇನ್ನೂ ಒಂದು ತೊಡಕು. 2006ರ ಅರಣ್ಯ ಹಕ್ಕುಗಳ ಕಾಯಿದೆ ಆದಿವಾಸಿ ಕುಟುಂಬವು 2005ರ ಡಿಸೆಂಬರ್ 13ಕ್ಕೆ ಮೊದಲು ನೆಲವನ್ನು ಅನುಭವಿಸುತ್ತಿತ್ತೆಂಬುದಕ್ಕೆ ಆಧಾರ ಕೇಳುತ್ತದೆ. ಆದಿವಾಸಿಗಳಲ್ಲದ ಕಾಡಿನ ವಾಸಿಗಳಿಂದ ಮೂರು ತಲೆಮಾರಿನ ನೆಲೆಯನ್ನೇ ಕೇಳುತ್ತದೆ. ಆ ದಿನಾಂಕಕ್ಕೆ ಹಿಂದಿನ ದಶಕವನ್ನು ಮೈಸೂರಿನ ಸೆರೆಯಲ್ಲಿ ಕಳೆದವನು ಯಾವ ಅನುಭವದ ಆಧಾರ ತಂದಾನು? ಅವನ ಹೊಲದಲ್ಲಿ ಲಂಟಾನ ಬೆಳೆದಿರುತ್ತದೆ. ಅಕ್ರಮವಾಗಿ ಒಕ್ಕಲೆದ್ದವರಿಗೆ ಪುನರ್ವಸತಿಯ ಹಕ್ಕನ್ನು ಆ ಕಾಯಿದೆಯೇ ಒಂದು ಕಲಮಿನಲ್ಲಿ ಕೊಟ್ಟಿದೆ. ದಂಪತಿಗಳಿದ್ದರೆ ಹಕ್ಕುಪತ್ರ ಇಬ್ಬರ ಹೆಸರಿನಲ್ಲಿಯೂ ಇರಬೇಕೆಂದಿದೆ. ಆದರೆ ಆ ಕಲಮನ್ನು ಗ್ರಾಮಸಭೆಯಲ್ಲಿ ಎದ್ದು ನಿಂತು ಓದಿ ಹೇಳುವವರು ಬೇಕಲ್ಲ. ಹಾಗೆ ಹೇಳಬೇಕಾದವನೇ ಊರಿನ ಕಣ್ಣು ತಪ್ಪಿಸಿ ಓಡಾಡುತ್ತಿರುತ್ತಾನೆ.

ವಿಳಾಸವಿಲ್ಲದಿದ್ದರೆ ಆಗುವ ನಷ್ಟ ಸೂರಿಗೆ ಸೀಮಿತವಲ್ಲ. ಪಡಿತರ ಚೀಟಿ ವಿಳಾಸ ಕೇಳುತ್ತದೆ, ಮತದಾರರ ಪಟ್ಟಿ ಕೇಳುತ್ತದೆ, ಬ್ಯಾಂಕು ಕೇಳುತ್ತದೆ. ಒಳಗಿರುವವನು ಪೆರೋಲಿಗೆ ಅರ್ಜಿ ಹಾಕಿದರೆ ಎಲ್ಲಿ ತಂಗುವನೆಂದು ತಿಳಿಸಬೇಕು. ಸ್ಥಳೀಯ ಪೊಲೀಸರು ಆ ವಿಳಾಸಕ್ಕೆ ಬಂದು ಅಕ್ಕಪಕ್ಕದವರನ್ನು ವಿಚಾರಿಸುತ್ತಾರೆ. ಹತ್ತಾರು ವರ್ಷಗಳ ಜೀವಾವಧಿಯ ಬಳಿಕ ಅವಧಿಪೂರ್ವ ಬಿಡುಗಡೆಯ ಪ್ರಶ್ನೆ ಬಂದಾಗಲೂ ಅವನ ಕುಟುಂಬದ ಸ್ಥಿತಿಗತಿಯನ್ನು ಪರಿಶೀಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2000ದಲ್ಲಿ ಲಕ್ಷ್ಮಣ್ ನಸ್ಕರ್ ಪ್ರಕರಣದಲ್ಲಿ ಹೇಳಿದೆ. ನೆಲೆಯುಳ್ಳವನಿಗೆ ಅನುಕೂಲವಾಗುವ ಈ ವಿಚಾರಣೆ ನೆಲೆ ಕಳೆದುಕೊಂಡವನಿಗೆ ಪ್ರತಿಕೂಲವಾಗುತ್ತದೆ. ಹೀಗೆ ಹೊರಗೆ ಮನೆಯಿಲ್ಲದ್ದು ಒಳಗೆ ಇನ್ನಷ್ಟು ಕಾಲ ಇರುವುದಕ್ಕೆ ಕಾರಣವಾಗುತ್ತದೆ.

ಕಾನೂನು ಏನನ್ನುತ್ತದೆ? ಹೆಚ್ಚೇನೂ ಅನ್ನುವುದಿಲ್ಲ. ಸಂವಿಧಾನದ 15ನೆಯ ವಿಧಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳಗಳ ಮೇಲಿನ ತಾರತಮ್ಯವನ್ನು ನಿಷೇಧಿಸುತ್ತದೆ. ಅಂಗಡಿ, ಹೋಟೆಲು, ಬಾವಿ, ಕೆರೆಗಳ ಬಾಗಿಲನ್ನು ಎಲ್ಲರಿಗೂ ತೆರೆಸುತ್ತದೆ. ಖಾಸಗಿಯವನ ಬಾಡಿಗೆ ಮನೆ ಆ ಪಟ್ಟಿಯಲ್ಲಿಲ್ಲ, ಹಿಂದಿನ ಶಿಕ್ಷೆಯೂ ಆ ಕಾರಣಗಳಲ್ಲಿ ಸೇರಿಲ್ಲ. ಬಾಡಿಗೆಯ ಕಾಯಿದೆಗಳು ಕರಾರು, ಮುಂಗಡ, ತೆರವು ಮುಂತಾದವನ್ನು ಸವಿಸ್ತಾರವಾಗಿ ಹೇಳುತ್ತವೆ. ಯಾರಿಗೆ ಯಾವ ಕಾರಣಕ್ಕೆ ಮನೆ ಇಲ್ಲವೆನ್ನಬಾರದು ಎಂಬಲ್ಲಿ ಬಾಯಿ ಬಿಡುವುದಿಲ್ಲ. ಮಿನುಗುವ ಎರಡು ದೀಪಗಳಿವೆ. 1958ರ ಪರಿವೀಕ್ಷಣಾ ಕಾಯಿದೆಯ 12ನೆಯ ಕಲಮು, ಆ ಕಾಯಿದೆಯಡಿ ಸೆರೆಗೆ ಕಳುಹಿಸದೆ ಬಿಟ್ಟವನಿಗೆ ಅಪರಾಧನಿರ್ಣಯದಿಂದ ಬರುವ ಅನರ್ಹತೆ ಅಂಟಬಾರದೆನ್ನುತ್ತದೆ. 2015ರ ಬಾಲನ್ಯಾಯ ಕಾಯಿದೆಯ 24ನೆಯ ಕಲಮು ಮಕ್ಕಳ ವಿಷಯದಲ್ಲಿ ಅದನ್ನೇ ಹೇಳಿ, ದಾಖಲೆಗಳನ್ನೂ ಅಳಿಸಬೇಕೆನ್ನುತ್ತದೆ. ಘೋರ ಅಪರಾಧಗಳಲ್ಲಿ ಹದಿನಾರು ದಾಟಿದವರಿಗೆ ವಿನಾಯಿತಿಯಿಲ್ಲ. ಸೆರೆಯ ಶಿಕ್ಷೆಯನ್ನು ಪೂರ್ತಿ ಅನುಭವಿಸಿ ಬಂದ ವಯಸ್ಕನಿಗೆ ಈ ದೀಪಗಳ ಬೆಳಕು ಬೀಳುವುದಿಲ್ಲ. ಶಿಕ್ಷೆ ಎಷ್ಟು ವರ್ಷವೆಂದು ನ್ಯಾಯಾಧೀಶರು ಬರೆದಿದ್ದಾರೆ, ಎಂದು ಮುಗಿಯಿತೆಂದು ಜೈಲಿನ ಅಧಿಕಾರಿ ಸಹಿ ಹಾಕಿದ್ದಾರೆ. ಆ ಸಹಿಗೆ ಊರಿನಲ್ಲಿ ಬೆಲೆ ಇರಬೇಕೆಂದು ಯಾವ ಕಾಯಿದೆಯೂ ಹೇಳಿಲ್ಲ.

ಇಂಗ್ಲೆಂಡಿನಲ್ಲಿ 1974ರಷ್ಟು ಹಿಂದೆಯೇ ಅಪರಾಧಿಗಳ ಪುನರ್ವಸತಿ ಕಾಯಿದೆ ಬಂತು. ಶಿಕ್ಷೆಯ ಪ್ರಮಾಣಕ್ಕೆ ತಕ್ಕ ಅವಧಿಯನ್ನು ತಪ್ಪಿಲ್ಲದೆ ಕಳೆದರೆ ಹಳೆಯ ಶಿಕ್ಷೆ ‘ಸವೆದುಹೋಯಿತು’ ಎಂದು ಅದು ಗಣಿಸುತ್ತದೆ. ಜೀವಾವಧಿ ಶಿಕ್ಷೆಗೆ ಈ ಸೌಲಭ್ಯವಿಲ್ಲ. ಅಮೆರಿಕದಲ್ಲಿ ಸಿಯಾಟಲ್ ನಗರ 2017ರಲ್ಲಿ, ನ್ಯೂಜೆರ್ಸಿ ರಾಜ್ಯ 2021ರಲ್ಲಿ ಮನೆಯ ವಿಷಯಕ್ಕೇ ನಿಯಮ ಮಾಡಿದವು. ನ್ಯೂಜೆರ್ಸಿಯ ಪದ್ಧತಿ ವ್ಯವಹಾರಜ್ಞಾನದಿಂದ ಕೂಡಿದೆ: ಮೊದಲು ಬಾಡಿಗೆ ಕೊಡಬಲ್ಲನೇ ಎಂದು ನೋಡಿ ಮನೆ ಕೊಡುವುದಾಗಿ ಹೇಳಬೇಕು, ಅನಂತರವಷ್ಟೇ ಹಳೆಯ ಅಪರಾಧಗಳನ್ನು ವಿಚಾರಿಸಬೇಕು, ಅದೂ ಮಿತಿಯೊಳಗೆ. ಸಿಯಾಟಲ್ಲಿನ ನಿಯಮ ಕೇಳುವುದನ್ನೇ ನಿಷೇಧಿಸಿತ್ತು. 2023ರಲ್ಲಿ ಮೇಲ್ಮನವಿ ನ್ಯಾಯಾಲಯ, ಕೇಳುವುದು ವಾಕ್‌ಸ್ವಾತಂತ್ರ್ಯಕ್ಕೆ ಸೇರಿದ್ದೆಂದು ಆ ಭಾಗವನ್ನು ತಳ್ಳಿಹಾಕಿತು. ಈ ಕಾಯಿದೆಗಳನ್ನು ಹಾಗೆಯೇ ತಂದು ತಾಳವಾಡಿಯ ಬಜಾರಿನಲ್ಲಿ ನೆಟ್ಟರೆ ಚಿಗುರುತ್ತವೆಂದು ಯಾರೂ ಭಾವಿಸಬೇಕಾಗಿಲ್ಲ. ಯಜಮಾನ ಕೇಳುವುದೇ ಇಲ್ಲ, ಕೇಳದೆಯೇ ಬಲ್ಲನು. ಅಂಥಲ್ಲಿ ಪ್ರಶ್ನೆಯನ್ನು ನಿಷೇಧಿಸಿ ಫಲವೇನು?

ದೂರದ ಉದಾಹರಣೆಗಳಿಗಿಂತ ಹತ್ತಿರದ್ದು ಹೆಚ್ಚು ಮಾತಾಡುತ್ತದೆ. ಘಟ್ಟ ಇಳಿದು ಸತ್ಯಮಂಗಲದ ಆಚೆ ಹೋದರೆ ಕೊಯಮತ್ತೂರಿನ ಕೇಂದ್ರ ಕಾರಾಗೃಹ. ಅಲ್ಲಿ 1908ರಿಂದ 1910ರವರೆಗೆ ಒಬ್ಬ ವಕೀಲರು ಎತ್ತಿನ ಬದಲು ಎಣ್ಣೆಗಾಣ ಎಳೆದರು. ಬ್ರಿಟಿಷರ ಹಡಗುಗಳಿಗೆ ಎದುರಾಗಿ ತೂತ್ತುಕುಡಿಯಿಂದ ಸ್ವದೇಶಿ ಹಡಗನ್ನು ಓಡಿಸಿದ ವ. ಉ. ಚಿದಂಬರಂ ಪಿಳ್ಳೈ ಅವರು. 1912ರ ಡಿಸೆಂಬರಿನಲ್ಲಿ ಬಿಡುಗಡೆಯಾದಾಗ ತಮ್ಮ ತಿರುನೆಲ್ವೇಲಿ ಜಿಲ್ಲೆಗೆ ಮರಳಲು ಅವರಿಗೆ ಅನುಮತಿಯಿರಲಿಲ್ಲ. ವಕೀಲಿಯ ಸನ್ನದು ರದ್ದಾಗಿತ್ತು. ಹಡಗು ಕಂಪನಿ ಮುಳುಗಿತ್ತು. ಹೆಂಡತಿಯನ್ನೂ ಇಬ್ಬರು ಪುಟ್ಟ ಮಕ್ಕಳನ್ನೂ ಕರೆದುಕೊಂಡು ಮದರಾಸಿಗೆ ಹೋಗಿ, ದಿನಸಿ ಅಂಗಡಿ, ಸೀಮೆಎಣ್ಣೆ ಅಂಗಡಿ ಇಟ್ಟು ಬಡತನದಲ್ಲಿ ಬದುಕಿದರು. ಕೆಲಕಾಲ ಕೊಯಮತ್ತೂರಿನಲ್ಲಿಯೂ ಇದ್ದರು. ಬಹುಕಾಲದ ಮೇಲೆ ವ್ಯಾಲೇಸ್ ಎಂಬ ಆಂಗ್ಲ ನ್ಯಾಯಾಧೀಶರು ಅವರ ಸನ್ನದನ್ನು ಮರಳಿಸಿಕೊಟ್ಟರು. ಆ ಕೃತಜ್ಞತೆಗೆ ಚಿದಂಬರಂ ಪಿಳ್ಳೈ ತಮ್ಮ ಕಿರಿಯ ಮಗನಿಗೆ ವಾಲೇಶ್ವರನ್ ಎಂದು ಹೆಸರಿಟ್ಟರು. ಇಂದು ಅವರ ಪ್ರತಿಮೆಗಳಿಲ್ಲದ ಊರು ತಮಿಳುನಾಡಿನಲ್ಲಿ ಅಪರೂಪ. ದೇಶಭಕ್ತನೊಬ್ಬನನ್ನು ಸಾಮಾನ್ಯ ಅಪರಾಧಿಯ ಸಾಲಿಗೆ ತರಬಹುದೇ ಎಂದು ಕೇಳುವವರಿದ್ದಾರೆ. ತಂದದ್ದು ಅಂದಿನ ಕಾಯಿದೆ. ಅದರ ಪುಸ್ತಕದಲ್ಲಿ ಅವರು ಶಿಕ್ಷೆಗೊಳಗಾದ ಅಪರಾಧಿಯೇ. ಸೆರೆಯಿಂದ ಬಂದವನಿಗೆ ಬದುಕುವ ಊರನ್ನೂ ಕಸುಬನ್ನೂ ತಪ್ಪಿಸಿದರೆ ಏನಾಗುತ್ತದೆಂದು ತಿಳಿಯಲು ಆ ಬದುಕು ಸಾಕು. ಅಷ್ಟು ದೊಡ್ಡವರಿಗೇ ಆ ಗತಿಯಾದರೆ ಹಾಸನೂರಿನ ಬಿದಿರು ಕಡಿಯುವವನ ಗತಿಯೇನು?

ಇನ್ನೊಂದು ಹಳೆಯ ಗಾಯವನ್ನೂ ಇಲ್ಲಿ ಮುಟ್ಟಬೇಕು. ಒಬ್ಬ ವ್ಯಕ್ತಿಯ ಅಪರಾಧ ಅವನ ವಾಸಸ್ಥಳವನ್ನು ನಿರ್ಧರಿಸಬೇಕೆಂಬ ಕಲ್ಪನೆ ಈ ದೇಶದಲ್ಲಿ ಕಾಯಿದೆಯಾಗಿಯೇ ಇತ್ತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಹುಟ್ಟಿನಿಂದಲೇ ಸಮುದಾಯಗಳನ್ನು ಕಳ್ಳರೆಂದು ಪಟ್ಟಿ ಮಾಡಿತು. ಮುಂದೆ 1911ರಲ್ಲಿ ಅದು ಮದರಾಸು ಪ್ರಾಂತ್ಯಕ್ಕೂ ಹಬ್ಬಿತು. ಸೊಲ್ಲಾಪುರ, ಹುಬ್ಬಳ್ಳಿ, ವಿಜಯಪುರ, ಗದಗಗಳಲ್ಲಿ ತಂತಿಬೇಲಿಯ ವಸಾಹತುಗಳು ಎದ್ದವು. ಒಳಗಿನವರು ಹಾಜರಿ ಕೊಟ್ಟು, ಚೀಟಿ ಪಡೆದು ಹೊರಗೆ ಬರಬೇಕಾಗಿತ್ತು. 1952ರ ಆಗಸ್ಟ್ 31ರಂದು ಕಾಯಿದೆ ರದ್ದಾಯಿತು. ಹುಬ್ಬಳ್ಳಿಯಲ್ಲಿ ಇಂದಿಗೂ ‘ಸೆಟ್ಲಮೆಂಟ್’ ಎಂಬುದು ಒಂದು ಬಡಾವಣೆಯ ಹೆಸರು. ಬೇಲಿ ಹೋಗಿ ಮುಕ್ಕಾಲು ಶತಮಾನವಾದರೂ ಆ ವಿಳಾಸವನ್ನು ಬಾಯಿಬಿಟ್ಟು ಹೇಳಿದ ಹುಡುಗನ ಕಡೆಗೆ ಬೀಳುವ ನೋಟ ಬದಲಾಗಿದೆಯೇ? ಉಚಲ್ಯಾ ಎಂಬ ತಮ್ಮ ಆತ್ಮಕಥನದಲ್ಲಿ ಲಕ್ಷ್ಮಣ ಗಾಯಕವಾಡರು 1987ರಲ್ಲಿ ಮರಾಠಿ ಓದುಗರಿಗೆ ಇದನ್ನೇ ತಿಳಿಸಿದರು: ಕಳವು ಎಲ್ಲಿ ನಡೆದರೂ ಪೊಲೀಸರ ಕಾಲು ಮೊದಲು ತುಳಿಯುವುದು ತಮ್ಮ ಗುಡಿಸಲಿನ ಹೊಸ್ತಿಲನ್ನು. 2024ರ ಅಕ್ಟೋಬರ್ 3ರಂದು ಸರ್ವೋಚ್ಚ ನ್ಯಾಯಾಲಯ ಸೆರೆಮನೆಗಳೊಳಗಿನ ಜಾತಿತಾರತಮ್ಯವನ್ನು ಅಸಂವಿಧಾನಿಕವೆಂದು ಸಾರಿದಾಗ ಈ ವಿಮುಕ್ತ ಬುಡಕಟ್ಟುಗಳ ಮೇಲಿನ ಹಳೆಯ ಗುಮಾನಿಯನ್ನೂ ಖಂಡಿಸಿತು. ಸೆರೆಯ ಒಳಗೆ ಜಾತಿ ನೋಡಬಾರದೆಂದು ತೀರ್ಪು ಬರಲು ಗಣರಾಜ್ಯಕ್ಕೆ ಎಪ್ಪತ್ತನಾಲ್ಕು ವರ್ಷ ಬೇಕಾಯಿತು.

ಮನೆಯ ಯಜಮಾನನ ಪಕ್ಷವನ್ನೂ ಕೇಳದೆ ಹೋದರೆ ಅದು ನ್ಯಾಯವಲ್ಲ. ಅವನು ಹೆಚ್ಚಿನ ಪಾಲು ದೊಡ್ಡ ಜಮೀನುದಾರನಲ್ಲ. ಮುಂಭಾಗದಲ್ಲಿ ತಾನಿದ್ದು ಹಿಂಭಾಗದ ಎರಡು ಅಂಕಣ ಬಾಡಿಗೆಗೆ ಕೊಟ್ಟವನು. ಬಾಡಿಗೆದಾರ ಅಲ್ಲಿ ಒಂದೇ ಬಾವಿ, ಒಂದೇ ಅಂಗಳ ಹಂಚಿಕೊಳ್ಳುವ ಅರೆಬಂಧು. ಹೆಂಗಸರು ಮಕ್ಕಳು ಇರುವ ವಠಾರದಲ್ಲಿ ಹಿಂಸೆಯ ಅಪರಾಧಕ್ಕೆ ಶಿಕ್ಷೆಯಾದವನನ್ನು ಇಟ್ಟುಕೊಳ್ಳಲು ಅಳುಕಿದರೆ ಅದನ್ನು ಬರಿಯ ಪೂರ್ವಗ್ರಹವೆಂದು ಹೀಗಳೆಯುವುದು ಸುಲಭ, ಆದರೆ ಪ್ರಾಮಾಣಿಕವಲ್ಲ. ಮಕ್ಕಳ ಮೇಲಿನ ಅಪರಾಧ ಒಂದು, ಹೊಲದ ಬದುವಿನ ಜಗಳದಲ್ಲಿ ಆದ ಹೊಡೆತ ಇನ್ನೊಂದು, ಹಸಿದಾಗ ಶ್ರೀಗಂಧದ ಕೊರಡು ಹೊತ್ತದ್ದು ಮತ್ತೊಂದು. ಭಯಕ್ಕೆ ಕಾರಣವಿರುವ ಕಡೆ ಭಯಪಡಲಿ. ಆಕ್ಷೇಪವಿರುವುದು ಇವೆಲ್ಲಕ್ಕೂ ಒಂದೇ ಬೀಗ ಹಾಕುವ ಅಭ್ಯಾಸದ ಮೇಲೆ, ಇಪ್ಪತ್ತು ವರ್ಷಗಳ ಹಿಂದಿನದನ್ನು ನಿನ್ನೆಯದೆಂಬಂತೆ ಕಾಣುವುದರ ಮೇಲೆ.

ಸತ್ತವರ ಕಡೆಯವರ ನೋವು ಇದಕ್ಕಿಂತ ಆಳವಾದದ್ದು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬಿಗೆ 22 ಮಂದಿ ಬಲಿಯಾದರು. ಅವರ ಮನೆಗಳಲ್ಲಿಯೂ ಆ ದಿನದಿಂದ ಒಂದು ಕೋಣೆ ಖಾಲಿಯೇ ಉಳಿದಿದೆ. ಸೆರೆಯಿಂದ ಬಂದವನಿಗೆ ಸೂರು ಕೇಳುವ ಯಾರೇ ಆಗಲಿ ಆ ಮನೆಗಳ ಮುಂದೆ ನಿಂತು ಕೇಳಲು ಸಿದ್ಧರಿರಬೇಕು. ಅಲ್ಲಿ ಸಿಗುವ ಉತ್ತರ ಕಹಿಯಾಗಿದ್ದರೆ ಅದನ್ನು ಆಡಿದವರನ್ನು ದೂರುವಂತಿಲ್ಲ. ಆದರೂ ದುಃಖಿಗಳಿಗೆ ಕ್ಷಮಿಸುವ ಕರ್ತವ್ಯವಿಲ್ಲದಿರುವುದು ಬೇರೆ, ದುಃಖವೇ ಇಲ್ಲದ ಮೂರನೆಯವನು ಅವರ ಹೆಸರಿನಲ್ಲಿ ಬಾಗಿಲು ಮುಚ್ಚುವುದು ಬೇರೆ. ಎರಡನೆಯದಕ್ಕೆ ಶಿಕ್ಷೆ ವಿಧಿಸುವ ಅಧಿಕಾರವನ್ನು ಯಾರೂ ಕೊಟ್ಟಿಲ್ಲ.

ಮನೆಯೊಂದು ಮನುಷ್ಯನನ್ನು ಏನು ಮಾಡಬಲ್ಲುದೆಂಬುದಕ್ಕೆ ವಿಜಯಪುರದ ಗಡಿಯಾಚೆ, ಸಾಂಗಲಿ ಜಿಲ್ಲೆಯ ಆಟಪಾಡಿಯ ಬಳಿ ಒಂದು ಪುರಾವೆಯಿದೆ. 1939ರಲ್ಲಿ ಆ ಊರು ಔಂಧ ಸಂಸ್ಥಾನಕ್ಕೆ ಸೇರಿತ್ತು. ಮಾರಿಸ್ ಫ್ರೀಡ್‌ಮನ್ ಎಂಬ ಪೋಲೆಂಡಿನ ಎಂಜಿನಿಯರು, ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು, ಗಾಂಧೀಜಿಯವರ ಪ್ರಭಾವಕ್ಕೆ ಒಳಗಾಗಿ ಭಾರತಾನಂದರಾದವರು, ಔಂಧದ ರಾಜರ ಒಪ್ಪಿಗೆ ಪಡೆದು ಅಲ್ಲೊಂದು ಬಯಲು ಬಂದೀಖಾನೆ ಆರಂಭಿಸಿದರು. ಹೆಸರು ಸ್ವತಂತ್ರಪುರ. ಗೋಡೆಯಿಲ್ಲ, ಕೈದಿ ತನ್ನ ಹೆಂಡತಿ ಮಕ್ಕಳೊಡನೆ ಮನೆ ಮಾಡಿಕೊಂಡು ಹೊಲ ಉಳಬೇಕು. ಕೊಲೆಗಾರರೂ ಅವರಲ್ಲಿದ್ದರು. ಇದೇ ಪ್ರಯೋಗದ ನೆನಪಿನಿಂದ ಮರಾಠಿಯ ಗ. ದಿ. ಮಾಡಗೂಳಕರರು ಕಥೆ ಬರೆದರು, ವಿ. ಶಾಂತಾರಾಮರು 1957ರಲ್ಲಿ ‘ದೋ ಆಂಖೇ ಬಾರಹ ಹಾಥ್’ ಎಂಬ ಚಿತ್ರ ಮಾಡಿದರು. ಆ ಚಿತ್ರದ ಹಾಡುಗಳನ್ನು ಗುನುಗುವ ಮಂದಿ ಈ ದೇಶದಲ್ಲಿ ಕೋಟಿಗಟ್ಟಲೆ. ಅವರಲ್ಲಿ ಅನೇಕರು ತಮ್ಮ ಮನೆಯ ಹಿಂಭಾಗವನ್ನು ಬಾಡಿಗೆಗೆ ಕೊಡುವಾಗ ಮಾತ್ರ ಹಾಡನ್ನು ನಿಲ್ಲಿಸುತ್ತಾರೆ.

ಚಿತ್ರದಲ್ಲಿ ಕಾಣದ, ಆದರೆ ಪ್ರಯೋಗದ ತಿರುಳಾದ ಮಾತೊಂದಿದೆ. ಸ್ವತಂತ್ರಪುರದಲ್ಲಿ ಮನೆಯು ಒಳ್ಳೆಯ ನಡತೆಗೆ ಕೊಟ್ಟ ಬಹುಮಾನವಾಗಿರಲಿಲ್ಲ, ಒಳ್ಳೆಯ ನಡತೆ ಸಾಧ್ಯವಾಗಲೆಂದು ಮೊದಲೇ ಕೊಟ್ಟ ಸಲಕರಣೆಯಾಗಿತ್ತು. ಊರಿನವರು ಸಾಮಾನ್ಯವಾಗಿ ಎಣಿಸುವುದು ಇದರ ತಲೆಕೆಳಗು: ‘ಮೊದಲು ನೆಟ್ಟಗಾಗಲಿ, ಆಮೇಲೆ ಮನೆ ನೋಡೋಣ.’ ಬಸ್ ನಿಲ್ದಾಣದಲ್ಲಿ ಮಲಗುವವನು ನೆಟ್ಟಗಾಗುವುದು ಹೇಗೆ ಎಂಬುದನ್ನು ಅವರು ಹೇಳುವುದಿಲ್ಲ.

ತಾಳವಾಡಿಯಲ್ಲಿ ಆಗಬಹುದಾದ ಕೆಲಸ ದೊಡ್ಡದೇನೂ ಅಲ್ಲ. ತಮಿಳುನಾಡಿನಲ್ಲಿ ಬಿಡುಗಡೆಯಾದ ಕೈದಿಗಳ ನೆರವಿಗೆಂದೇ ಒಂದು ಸಂಘವಿದೆ, ಪರಿವೀಕ್ಷಣಾಧಿಕಾರಿಗಳಿದ್ದಾರೆ. 1980ರಿಂದ 1983ರವರೆಗೆ ಕೆಲಸ ಮಾಡಿದ ನ್ಯಾಯಮೂರ್ತಿ ಮುಲ್ಲಾ ಸಮಿತಿ ಬಿಡುಗಡೆಯ ನಂತರದ ಆರೈಕೆಯನ್ನು ಸೆರೆಮನೆಯ ಆಡಳಿತದ ಭಾಗವೆಂದೇ ಹೇಳಿತ್ತು. ಆ ಆರೈಕೆ ಹೊಲಿಗೆ ಯಂತ್ರ ಕೊಡುವಲ್ಲಿಗೆ ನಿಲ್ಲದೆ ಬಾಡಿಗೆಯ ಮುಂಗಡಕ್ಕೆ ಹೊಣೆ ನಿಲ್ಲಬಹುದು. ಆರು ತಿಂಗಳ ಬಾಡಿಗೆಗೆ ಸರ್ಕಾರಿ ಹೊಣೆಯಿದೆ ಎಂದಾಗ ಬರಬೇಕಾದ ಮಗಳ ನೆಪ ಎಷ್ಟೋ ಕಡೆ ಸಡಿಲವಾಗುತ್ತದೆ. ಮನೆ ನಿವೇಶನದ ಪಟ್ಟಾವನ್ನು, ಗಂಡ ಒಳಗಿರುವಾಗಲೇ, ಹೆಂಡತಿಯ ಹೆಸರಿಗೆ ಮಾಡಿಕೊಡುವುದಕ್ಕೆ ಅಡ್ಡಿ ಮಾಡದಿದ್ದರೂ ಸಾಕು.

ಇನ್ನು ಭಾಷೆಯ ಮಾತು. ಮೈಸೂರಿನಿಂದಾಗಲಿ ಗೋಬಿಯಿಂದಾಗಲಿ ನಿರ್ದೋಷಿಯೆಂದು ಬಿಡುಗಡೆಯಾಗಿ ಬಂದವನ ಕೈಯಲ್ಲಿ ಒಂದು ಕಾಗದವಿರುತ್ತದೆ. ಅದು ಇಂಗ್ಲಿಷಿನಲ್ಲಿ ಇರುತ್ತದೆ, ಇಲ್ಲವೆ ತಮಿಳಿನಲ್ಲಿ. ತಾಳವಾಡಿಯ ಕಚೇರಿ ವ್ಯವಹರಿಸುವುದು ತಮಿಳಿನಲ್ಲಿ. ಮನೆ ಕೊಡುವ ಯಜಮಾನ, ಗ್ರಾಮದ ಹಿರಿಯ, ಅಂಗಡಿಯ ಅಣ್ಣ ಓದುವುದು ಕನ್ನಡ. ಕಾಗದವನ್ನು ತೋರಿಸಿದರೂ ಅವರಿಗೆ ಕಾಣುವುದು ಮುದ್ರೆ ಮತ್ತು ಒಂದು ಕೇಸಿನ ನಂಬರು. ಅದನ್ನು ಕಂಡು ಇನ್ನಷ್ಟು ಹೆದರುವವರೇ ಹೆಚ್ಚು. ‘ಈತನ ಮೇಲಿನ ಆರೋಪ ಸಾಬೀತಾಗಿಲ್ಲ, ಈತನನ್ನು ಬಿಡುಗಡೆ ಮಾಡಲಾಗಿದೆ’, ಅಥವಾ ‘ಈತನು ವಿಧಿಸಿದ ಶಿಕ್ಷೆಯನ್ನು ಇಂಥ ದಿನ ಪೂರೈಸಿದ್ದಾನೆ’ ಎಂಬ ಎರಡು ಸಾಲನ್ನು ತೀರ್ಪಿನ ಜೊತೆಗೆ ಕನ್ನಡದಲ್ಲಿ ಬರೆದು, ವಕೀಲರೊಬ್ಬರ ಸಹಿ ಹಾಕಿಸಿ ಕೊಡುವುದಕ್ಕೆ ಹೊಸ ಕಾಯಿದೆ ಬೇಡ, ಅನುದಾನ ಬೇಡ. ಕನ್ನಡ ಎಂ.ಎ. ಓದಿ, ಕೆಲಸಕ್ಕೆಂದು ಚಾಮರಾಜನಗರದ ಬಸ್ಸು ಹತ್ತುವ ಮಕ್ಕಳು ಈ ಸೀಮೆಯಲ್ಲಿದ್ದಾರೆ. ಅವರಿಗೆ ತಮಿಳೂ ಬರುತ್ತದೆ.